ಝೆರ್ಮಾಟ್‌ನ ಮೊದಲ ದಿನಕ್ಕೆ ಗೋರ್ನರ್‌ಗ್ರಾಟ್ ರೈಲು

ಸ್ವಿಟ್ಜರ್‌ಲೆಂಡಿನ ಝೆರ್ಮಾಟ್‌ಗೆ ಒಬ್ಬರೇ ಬಂದಿಳಿದವರಿಗೆ ಮೊದಲ ದಿನ ಊರೊಳಗೆ ಸುತ್ತಾಡಿ, ಬೆಟ್ಟವನ್ನು ಮರುದಿನಕ್ಕೆ ಇಟ್ಟುಕೊಳ್ಳೋಣ ಎನ್ನಿಸುವುದು ಸಹಜ. ಆಕಾಶ ತಿಳಿಯಾಗಿದ್ದರೆ ಹಾಗೆ ಮಾಡದೆ, ಬಂದ ದಿನವೇ ಊರ ಮೇಲಿನ ಗೋರ್ನರ್‌ಗ್ರಾಟ್ ಬೆಟ್ಟಕ್ಕೆ ಏರುವ ರೈಲನ್ನು ಹತ್ತಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ನಾಳೆಯ ಹವಾಮಾನವನ್ನು ನಂಬುವಂತಿಲ್ಲ. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರದ ಒಂದು ಪಕ್ಕದಲ್ಲಿ ಬಾವುಟದಂತೆ ಮೋಡ ಹುಟ್ಟಿ, ಸುತ್ತಲೂ ಬಿಸಿಲಿದ್ದರೂ ಅದನ್ನು ಗಂಟೆಗಟ್ಟಲೆ ಮರೆಮಾಡುವುದುಂಟು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದೇ ಹೆಚ್ಚಾದ್ದರಿಂದ ಬೆಳಗಿನ ಹೊತ್ತೇ ಮೇಲು.

ಮೊದಲ ದಿನಕ್ಕೆ ಈ ರೈಲು ಒದಗಿಬರಲು ಇನ್ನೊಂದು ಕಾರಣ, ಅದು ಹೊರಡುವ ಜಾಗ. ಕೆಳಗಿನ ವಿಸ್ಪ್ ಪಟ್ಟಣದಿಂದ ಒಂದು ಗಂಟೆಗೂ ತುಸು ಹೆಚ್ಚು ಕಾಲ ಕಣಿವೆಯಲ್ಲಿ ಏರಿಬರುವ ರೈಲು ನಿಲ್ಲುವಲ್ಲಿಯೇ, ರಸ್ತೆಯ ಆಚೆ ಬದಿಗೆ ಗೋರ್ನರ್‌ಗ್ರಾಟ್ ನಿಲ್ದಾಣವಿದೆ. ಊರಿಗೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ, ಅವು ಕೆಳಗಿನ ಟೇಶ್‌ನಲ್ಲಿಯೇ ಉಳಿಯುತ್ತವೆ. ಓಡಾಡುವ ವಾಹನಗಳೆಲ್ಲ ಬಹುಪಾಲು ಚಿಕ್ಕ ಬ್ಯಾಟರಿ ಗಾಡಿಗಳು. ಹೋಟೆಲಿನ ಕೋಣೆ ಮಧ್ಯಾಹ್ನದವರೆಗೆ ಸಿಗುವುದಿಲ್ಲ, ಸಾಮಾನು ನೋಡಿಕೊಳ್ಳಲು ಜೊತೆಗಾರರೂ ಇಲ್ಲ ಎಂಬುದು ಒಂಟಿ ಪ್ರಯಾಣಿಕರ ಮೊದಲ ತೊಡಕು. ನಿಲ್ದಾಣದ ಲಾಕರಿನಲ್ಲಿ ದೊಡ್ಡ ಚೀಲವನ್ನಿಟ್ಟು, ನೀರು, ತಿಂಡಿ ಮತ್ತು ಬೆಚ್ಚಗಿನ ಒಂದು ಮೇಲಂಗಿಯೊಡನೆ ರಸ್ತೆ ದಾಟಿದರೆ ಆ ತೊಡಕು ಮುಗಿಯಿತು.

1898ರಲ್ಲಿ ಆರಂಭವಾದಾಗ ಇದು ಸ್ವಿಟ್ಜರ್‌ಲೆಂಡಿನ ಮೊದಲ ವಿದ್ಯುತ್ ಹಲ್ಲುಪಟ್ಟಿ ರೈಲಾಗಿತ್ತು. ಹಳಿಗಳ ನಡುವೆ ಹಾಸಿರುವ ಹಲ್ಲಿನ ಪಟ್ಟಿಯನ್ನು ಗಾಡಿಯ ಕೆಳಗಿನ ಹಲ್ಲುಚಕ್ರ ಕಚ್ಚಿ ಹತ್ತುವುದರಿಂದ, ಸಾಮಾನ್ಯ ರೈಲಿನ ಚಕ್ರಗಳು ಜಾರಿಬೀಳುವಂಥ ಏರನ್ನು ಇದು ನಿರಾಯಾಸವಾಗಿ ಏರುತ್ತದೆ. ಇಳಿಯುವಾಗ ಮೋಟಾರುಗಳೇ ಜನರೇಟರುಗಳಾಗಿ ವಿದ್ಯುತ್ತನ್ನು ತಂತಿಗೆ ಮರಳಿಸುತ್ತವೆ. ಒಂಬತ್ತೂ ಚಿಲ್ಲರೆ ಕಿಲೋಮೀಟರ್ ದೂರ, ಸುಮಾರು 33 ನಿಮಿಷ, ಕೊನೆಯ ನಿಲ್ದಾಣದ ಎತ್ತರ 3,089 ಮೀಟರ್. ಹೋಗುವಾಗ ಬಲಬದಿಯ ಕಿಟಕಿ ಹಿಡಿಯಬೇಕು, ಏಕೆಂದರೆ ಮ್ಯಾಟರ್‌ಹಾರ್ನ್ ಬಹುತೇಕ ಆ ಕಡೆಯೇ ಕಾಣುತ್ತದೆ. ಫಿಂಡೆಲ್‌ಬಾಖ್ ತೊರೆಯ ಸೇತುವೆ ದಾಟಿ, ಕಾಡಿನೊಳಗೆ ಹೊಕ್ಕು, ರಿಫೆಲ್‌ಆಲ್ಪ್ ಕಳೆದ ಮೇಲೆ ಮರಗಳು ನಿಂತುಹೋಗಿ ಹುಲ್ಲು, ಬಂಡೆಗಳಷ್ಟೇ ಉಳಿದಾಗ ಎತ್ತರದ ಅರಿವು ಮೈಗೆ ತಟ್ಟುತ್ತದೆ.

ತುದಿಯ ನೋಟವನ್ನು ಮ್ಯಾಟರ್‌ಹಾರ್ನ್ ಒಂದಕ್ಕೇ ಸೀಮಿತಗೊಳಿಸುವುದು ಅನ್ಯಾಯ. ಅದಕ್ಕೆ ಬೆನ್ನು ಮಾಡಿ ನಿಂತರೆ ಕಾಣುವುದು ಮೊಂಟೆ ರೋಸಾ ಸಮೂಹ. ಅದರ ಡುಫೋರ್‌ಶ್ಪಿಟ್ಸೆ 4,634 ಮೀಟರ್ ಎತ್ತರವಿದ್ದು ಸ್ವಿಟ್ಜರ್‌ಲೆಂಡಿನ ಅತಿ ಎತ್ತರದ ಶಿಖರ. ಲಿಸ್ಕಾಮ್, ಕಾಸ್ಟರ್, ಪೊಲುಕ್ಸ್, ಬ್ರೈಟ್‌ಹಾರ್ನ್ ಒಂದರ ಪಕ್ಕ ಒಂದು ನಿಂತಿವೆ, ಅವುಗಳ ಬುಡದಲ್ಲಿ ಗೋರ್ನರ್ ಹಿಮನದಿ ಬಾಗಿ ಬಳುಕಿ ಹರಡಿದೆ. ಹಿಮನದಿ ಹಿಂದೆ ಎಷ್ಟು ಎತ್ತರಕ್ಕೆ ತುಂಬಿತ್ತು ಎಂಬುದನ್ನು ಇಕ್ಕೆಲಗಳಲ್ಲಿ ಬೋಳಾಗಿ ಉಳಿದಿರುವ ಕಲ್ಲಿನ ಇಳಿಜಾರುಗಳು ಹೇಳುತ್ತವೆ. ಆ ನೋಟ ಮನಸ್ಸನ್ನು ಕಲಕುತ್ತದೆ, ಮತ್ತು ಚಿತ್ರ ತೆಗೆದುಕೊಂಡು ಅವಸರದಲ್ಲಿ ಹಿಂದಿರುಗುವವರು ಅದನ್ನು ಗಮನಿಸದೆ ಹೋಗುವುದು ನಿಜಕ್ಕೂ ನಷ್ಟ. ಹೋಗುವವರು ಕಡಿಮೆಯೆಂದರೂ ಒಂದು ಗಂಟೆ ಅಲ್ಲಿರಬೇಕು.

ಎತ್ತರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕಣಿವೆಯ ತಳದಿಂದ ಅದೇ ಬೆಳಿಗ್ಗೆ ಹೊರಟವರು ಕೆಲವೇ ಗಂಟೆಗಳಲ್ಲಿ ಮೂರು ಸಾವಿರ ಮೀಟರ್ ಮೀರಿರುತ್ತಾರೆ, ಮೈ ಹೊಂದಿಕೊಳ್ಳಲು ಅಷ್ಟು ಕಾಲ ಸಾಲದು. ನಿಧಾನವಾಗಿ ನಡೆದು, ಆಗಾಗ ನೀರು ಕುಡಿದು, ತಲೆನೋವು ಅಥವಾ ವಾಕರಿಕೆ ಕಂಡರೆ ಮುಂದಿನ ರೈಲಿನಲ್ಲೇ ಇಳಿದುಬಿಡಬೇಕು. ಜೊತೆಯಲ್ಲಿ ಯಾರೂ ಇಲ್ಲದಾಗ ಈ ನಿರ್ಧಾರವನ್ನು ಬೇಗ ಮಾಡುವುದು ಒಳ್ಳೆಯದು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿರಬೇಕು.

ಈ ಸೇವೆಯ ನಿಜವಾದ ಗುಣ ನನಗೆ ಕಂಡದ್ದು ಇಳಿಯುವ ದಾರಿಯಲ್ಲಿ. ಟಿಕೆಟ್ ಹಿಡಿದವರು ನಡುವಿನ ನಿಲ್ದಾಣಗಳಲ್ಲಿ ಇಳಿದು ಮತ್ತೆ ಹತ್ತಬಹುದು. ಒಂದು ನಿಲ್ದಾಣ ಕೆಳಗಿನ ರೋಟೆನ್‌ಬೋಡೆನ್‌ನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ರಿಫೆಲ್‌ಸೀ ಎಂಬ ಪುಟ್ಟ ಕೊಳ ಸಿಗುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಮ್ಯಾಟರ್‌ಹಾರ್ನ್ ಅದರಲ್ಲಿ ತಲೆಕೆಳಗಾಗಿ ಇಡಿಯಾಗಿ ಮೂಡುತ್ತದೆ. ಅಲ್ಲಿಂದ ರಿಫೆಲ್‌ಬರ್ಗ್ ನಿಲ್ದಾಣಕ್ಕೆ ಬೇಸಿಗೆಯಲ್ಲಿ ಕಾಲುದಾರಿಯಿದೆ. ಸ್ವಿಟ್ಜರ್‌ಲೆಂಡಿನ ಹಳದಿ ಕೈಮರಗಳು ದೂರದ ಬದಲು ನಡೆಯಲು ಬೇಕಾಗುವ ಸಮಯವನ್ನು ಬರೆದಿರುತ್ತವೆ. ಒಬ್ಬರೇ ನಡೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ, ಏಕೆಂದರೆ ಮುಂದಿನ ರೈಲಿಗೆ ತಲುಪಲು ಸಾಧ್ಯವೇ ಎಂಬುದನ್ನು ಯಾರನ್ನೂ ಕೇಳದೆ ಲೆಕ್ಕಹಾಕಬಹುದು. ಕಾಲು ಸೋತರೆ ಹಳಿ ಹತ್ತಿರವೇ ಇದೆ ಎಂಬ ಧೈರ್ಯದಿಂದ ಹೊಸ ನೆಲದಲ್ಲಿ ಮೊದಲ ದಿನವೇ ನಿರಾತಂಕವಾಗಿ ನಡೆಯಲು ಸಾಧ್ಯವಾಗುತ್ತದೆ.

ದೊಡ್ಡ ಕೊರತೆ ದರ. ಋತುವಿಗೆ ತಕ್ಕಂತೆ ಬದಲಾಗುವ ಟಿಕೆಟ್, ಬೇಸಿಗೆಯ ಜನಸಂದಣಿಯ ತಿಂಗಳುಗಳಲ್ಲಿ ಹೋಗಿಬರಲು ನೂರು ಫ್ರಾಂಕನ್ನೂ ಮೀರುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಅಥವಾ ಹಾಫ್ ಫೇರ್ ಕಾರ್ಡ್ ಇದ್ದವರಿಗೆ ಅರ್ಧ ದರ. ಅದಿಲ್ಲದೆ ಕೊಳ್ಳುವುದು ಹೆಚ್ಚಿನವರಿಗೆ ಭಾರವೇ. ಕ್ಲೈನ್ ಮ್ಯಾಟರ್‌ಹಾರ್ನ್ ಎಂಬ ಇನ್ನೊಂದು ಶಿಖರದತ್ತ 3,800 ಮೀಟರಿಗೂ ಮೇಲಕ್ಕೆ ಒಯ್ಯುವ ಕೇಬಲ್ ಕಾರ್ ಇನ್ನೂ ಎತ್ತರದ್ದಾದರೂ ಬಂದ ದಿನ ಮೈಗೆ ಅದು ಹೆಚ್ಚು. ಅಲ್ಲಿಂದ ಮ್ಯಾಟರ್‌ಹಾರ್ನ್‌ನ ಪರಿಚಿತ ಆಕಾರವೂ ಕಾಣುವುದಿಲ್ಲ.

ಶಿಖರದ ನೇರ ಚಿತ್ರವನ್ನು ಅಂತರ್ಜಾಲದಲ್ಲಿ ನೋಡಿದ ಮೇಲೆಯೇ ಟಿಕೆಟ್ ಕೊಳ್ಳಬೇಕು. ಮೋಡ ಮುಚ್ಚಿದ್ದರೆ ಆ ದಿನ ಹಣ ಉಳಿಸಿ, ಊರಿನ ಮ್ಯಾಟರ್‌ಹಾರ್ನ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 1865ರ ಜುಲೈ 14ರಂದು ಮೊದಲ ಬಾರಿಗೆ ತುದಿ ಮುಟ್ಟಿದ ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು; ಅಂದು ತುಂಡಾದ ಹಗ್ಗವನ್ನು ಅಲ್ಲಿ ಇಟ್ಟಿದ್ದಾರೆ.