1.3 ಲಕ್ಷ ಕಿಲೋಮೀಟರ್ ಆದ ಮೇಲೆ ಸ್ಟೇರಿಂಗ್ ಸಡಿಲವಾದಾಗ: ನನ್ನ ಹಳೇ ಕಾರಿನ ಅನುಭವ

ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೊಸದಾಗಿ ತಂದಾಗಿನಿಂದ ನಾನೇ ಓಡಿಸುತ್ತಿದ್ದೇನೆ. ಮೀಟರ್ ಈಗ 1,62,000 ದಾಟಿದೆ. ಇಂಜಿನ್, ಗೇರ್‌ಬಾಕ್ಸ್ ಬಗ್ಗೆ ದೂರಿಲ್ಲ, ಮೈಲೇಜೂ ಪರವಾಗಿಲ್ಲ. ಆದರೆ ಹಳೇ ಗಾಡಿ ಇಟ್ಟುಕೊಂಡವರಿಗೆ ಸ್ಟೇರಿಂಗ್ ವಿಷಯ ಹೇಳಲೇಬೇಕು.

1.3 ಲಕ್ಷದ ಹೊತ್ತಿಗೆ ಬೆಂಗಳೂರಿನಿಂದ ಹಾಸನಕ್ಕೆ ಹೊರಟಿದ್ದೆವು. ಕುಣಿಗಲ್ ದಾಟಿ 80ರ ವೇಗಕ್ಕೆ ಬಂದರೆ ಗಾಡಿ ನೇರ ಹೋಗುತ್ತಲೇ ಇರಲಿಲ್ಲ. ಒಮ್ಮೆ ಎಡಕ್ಕೆ, ಸರಿ ಮಾಡಿದರೆ ಬಲಕ್ಕೆ. ಸ್ಟೇರಿಂಗ್ ಎರಡು ಬೆರಳಷ್ಟು ತಿರುಗಿದ ಮೇಲೇ ಚಕ್ರ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಬಸ್ಸು ಹೋದರೆ ಎದೆ ಡವಡವ. ಹಿಂದೆ ಮಕ್ಕಳು ಕೂತಿರುವಾಗ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಎಲ್ಲರಂತೆ ನಾನೂ ಮೊದಲು ಚಕ್ರಗಳ ಕೋನ ಸರಿಮಾಡುವ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಎರಡು ತಿಂಗಳಲ್ಲಿ ಮೂರು ಸಲ! ಪ್ರತಿ ಸಲವೂ ಪರದೆ ಮೇಲೆ ಎಲ್ಲ ಅಂಕಿಗಳೂ ಹಸಿರು. ನಾಲ್ಕು ದಿನ ಚೆನ್ನಾಗಿರುತ್ತಿತ್ತು, ಮತ್ತೆ ಅದೇ ಕಥೆ. ಒಂದು ಕಡೆ, ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಇಡೀ ಸ್ಟೇರಿಂಗ್ ರ‍್ಯಾಕ್ ಬದಲಿಸಬೇಕು, 20,000 ಮೇಲಾಗುತ್ತದೆ ಅಂದರು.

ಕೊನೆಗೆ ಭಾವ ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಅವರು ಜಾಕಿ ಮುಟ್ಟಲೇ ಇಲ್ಲ. ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿಸಿ, "ಸರ್, ಒಳಗೆ ಕೂತು ಸ್ಟೇರಿಂಗ್ ಸುಮ್ನೆ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ತಾ ಇರಿ" ಅಂದರು. ಕೆಳಗಿಳಿದು ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ನನ್ನನ್ನೂ ಕರೆದು ಕೈ ಇಡಿಸಿದರು. ಎಡಗಡೆಯ ಟೈ ರಾಡ್ ಎಂಡ್ (ರ‍್ಯಾಕ್‌ನಿಂದ ಬರುವ ಸರಳು ಚಕ್ರದ ಕಡೆ ಸೇರುವ ಕೀಲು) ಬೆರಳಿಗೆ ಟಕ್ ಟಕ್ ಅಂತ ಬಡಿಯುತ್ತಿತ್ತು. ಅದರ ರಬ್ಬರ್ ಹೊದಿಕೆ (ಬೂಟ್) ಹರಿದು, ಗ್ರೀಸ್ ಹೋಗಿ, ಒಳಗೆ ಮಣ್ಣು ಸೇರಿತ್ತು. ಚಕ್ರಗಳ ಮೇಲೆ ಗಾಡಿಯ ಭಾರ ಇರುವಾಗಲೇ ಹೀಗೆ ನೋಡಬೇಕಂತೆ. ಜಾಕಿ ಹಾಕಿ ಚಕ್ರ ಎತ್ತಿದರೆ ಸ್ಟೇರಿಂಗ್ ತಿರುಗಿಸಲು ಬಲವೇ ಬೇಡ, ಸಣ್ಣ ಆಟ (ಜಾಯಿಂಟಿನ ಸಡಿಲ) ಗೊತ್ತಾಗುವುದಿಲ್ಲ.

ಜಾಕಿ ಆಮೇಲೆ ಬಂತು. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡ್ ಅಥವಾ ಅದೇ ಸರಳಿನ ಒಳತುದಿಯ ರ‍್ಯಾಕ್ ಎಂಡ್. 12 ಮತ್ತು 6ರಲ್ಲಿ ಕಂಡರೆ, ಚಕ್ರವನ್ನು ಕೆಳಗಿನ ತೋಳಿಗೆ (ಲೋಯರ್ ಆರ್ಮ್) ಸೇರಿಸುವ ಬಾಲ್ ಜಾಯಿಂಟ್. ಹೀಗೆ ಎರಡೂ ಥರ ಹಿಡಿದಾಗ ಒಂದೇ ಸಮ ಆಡಿದರೆ ಚಕ್ರದ ಬೇರಿಂಗ್ ಮೇಲೆ ಅನುಮಾನ. ನನ್ನದರಲ್ಲಿ ಎಡಗಡೆಯ ಲೋಯರ್ ಆರ್ಮ್ ಬುಷ್ (ಆ ತೋಳನ್ನು ಗಾಡಿಗೆ ಸೇರಿಸುವ ಜಾಗದ ರಬ್ಬರ್) ಕೂಡ ಸೀಳಿತ್ತು. ಬ್ರೇಕ್ ಹಿಡಿದಾಗ ಗಾಡಿ ಎಡಕ್ಕೆ ಎಳೆಯುತ್ತಿದ್ದುದು ಏಕೆಂದು ಆಗ ಅರ್ಥವಾಯಿತು. ಅಲೈನ್‌ಮೆಂಟ್ ಯಂತ್ರ ನಿಂತ ಗಾಡಿಯನ್ನು ಅಳೆಯುತ್ತದೆ. ರಸ್ತೆಯಲ್ಲಿ ಸಡಿಲ ಜಾಯಿಂಟ್ ಅಲ್ಲಾಡಿದಾಗ ಆ ಅಳತೆ ಉಳಿಯುವುದಾದರೂ ಹೇಗೆ? ಮೊದಲು ಆಟ ತೆಗೆಸಿ, ಅಲೈನ್‌ಮೆಂಟ್ ಕೊನೆಗೆ.

ರ‍್ಯಾಕ್ ಮೇಲಿನ ಅಡ್ಜಸ್ಟ್ ನಟ್ ಬಿಗಿ ಮಾಡಿದರೆ ಸಾಲದೇ ಅಂತ ಕೇಳಿದೆ. ಅವರು ಒಪ್ಪಲಿಲ್ಲ. ಅದು ಜಾಸ್ತಿ ಬಿಗಿಯಾದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಘಾಟಿಯಲ್ಲಿ ಅಪಾಯ ಅಂದರು. ಎರಡೂ ಕಡೆಯ ಟೈ ರಾಡ್ ಎಂಡ್, ಒಂದು ಬುಷ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ 3,800 ರೂಪಾಯಿ. ಮರುದಿನ ಶಿರಾಡಿ ಘಾಟಿ ಇಳಿಯುವಾಗ ಗಾಡಿ ಹೇಳಿದಂತೆ ಕೇಳಿತು. ಅವತ್ತಿನ ಖುಷಿ ಇನ್ನೂ ನೆನಪಿದೆ.

ಅದಾಗಿ 32,000 ಕಿಲೋಮೀಟರ್ ಓಡಿದೆ. ನಡುವೆ ಒಮ್ಮೆ ಮತ್ತೆ ಅಲೆದಾಟ ಶುರುವಾದಾಗ ಭಯವಾಯಿತು. ನೋಡಿದರೆ ಹಿಂದಿನ ಒಂದು ಟೈರಿನಲ್ಲಿ 22 ಗಾಳಿ ಮಾತ್ರ ಇತ್ತು. ಇನ್ನೊಮ್ಮೆ ಮುಂದಿನ ಹೊಸ ಟೈರ್ ಹಾಕಿಸಿದ ಮೇಲೆ ಬಲಕ್ಕೆ ಎಳೆಯಿತು. ಮುಂದಿನ ಎರಡು ಟೈರ್ ಎಡ-ಬಲ ಅದಲು ಬದಲು ಮಾಡಿಸಿದೆ, ಎಳೆತ ಎಡಕ್ಕೆ ಬಂತು. ತಪ್ಪು ಟೈರಿನದೇ ಅಂತ ಗೊತ್ತಾಯಿತು, ಬದಲಿಸಿ ಕೊಟ್ಟರು. (ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟೈರ್‌ಗಳನ್ನು ಹೀಗೆ ಬದಲಿಸಬೇಡಿ.) ಮಳೆನೀರು ಹರಿಯಲಿ ಅಂತ ನಮ್ಮ ರಸ್ತೆಗಳು ಎಡಕ್ಕೆ ಸ್ವಲ್ಪ ಇಳಿಜಾರು. ಹಾಗಾಗಿ ಕೈ ಸಡಿಲ ಬಿಟ್ಟಾಗ ಗಾಡಿ ಮೆಲ್ಲಗೆ ಎಡಕ್ಕೆ ಸರಿದರೆ ಗಾಬರಿ ಬೇಡ.

ಕಳೆದ ತಿಂಗಳು ಗಾಡಿ ತೊಳೆಸಿದಾಗ ಬಲಗಡೆಯ ಬುಷ್‌ನಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಇನ್ನೂ ಆಟ ಬಂದಿಲ್ಲ. ಮುಂದಿನ ವಾರ ಹಾಸನಕ್ಕೆ ಹೋದಾಗ ಅದನ್ನೂ ಬದಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸುತ್ತೇನೆ.