ಮದುವೆಯ ಹೂವನ್ನು ಹಿಡಿದು ನಿಲ್ಲಿಸುವುದು ಯಾವುದು: ಫೋಮ್ ಇಟ್ಟಿಗೆ, ತಂತಿ ಜಾಲರಿ, ಕೆನ್ಜಾನ್ ಕುರಿತು ಒಂದು ವಿಮರ್ಶೆ

ಮದುವೆಯ ಅಲಂಕಾರದಲ್ಲಿ ಹೂವು, ಎಲೆ, ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತವೆ. ಅವನ್ನು ಹಿಡಿದು ನಿಲ್ಲಿಸಿರುವ ವಸ್ತು ಯಾರಿಗೂ ಕಾಣುವುದಿಲ್ಲ, ಕಾಣಲೂಬಾರದು. ಅನೇಕ ಅಲಂಕಾರಗಳಲ್ಲಿ ಆ ವಸ್ತು ಹಸಿರು ಬಣ್ಣದ ಫ್ಲೋರಲ್ ಫೋಮ್ ಇಟ್ಟಿಗೆ. ಮದುವೆಗಳಿಗೆ ಹೂವು ಜೋಡಿಸಿಕೊಡುವ ಚಿಕ್ಕ ಅಂಗಡಿಯ ಕೆಲಸದಲ್ಲಿ ನಾನು ಈ ಇಟ್ಟಿಗೆಯನ್ನೂ, ಅದರ ಜಾಗದಲ್ಲಿ ನಿಲ್ಲಬಲ್ಲ ತಂತಿ ಜಾಲರಿಯನ್ನೂ, ಕೆನ್ಜಾನ್ ಎಂಬ ಮುಳ್ಳುಬಿಲ್ಲೆಯನ್ನೂ ಬಳಸುತ್ತ ಬಂದಿದ್ದೇನೆ. ಯಾವ ಹೂವು ಕೊಳ್ಳಬೇಕು, ಎಷ್ಟು ಉದ್ದದ ದಂಟು ಬೇಕು, ಹಿಂದಿನ ದಿನವೇ ಎಷ್ಟು ಕೆಲಸ ಮುಗಿಸಬಹುದು, ಮದುವೆ ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದೆಲ್ಲ ಹೂವನ್ನು ಯಾವುದರಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ನಿಂತಿರುವುದರಿಂದ ಇವುಗಳ ಗುಣದೋಷಗಳನ್ನು ವಿವರವಾಗಿ ಬರೆಯುತ್ತಿದ್ದೇನೆ. ಮದುವೆ ಗೊತ್ತಾದವರು ಹೂವಿನ ಯೋಜನೆಯನ್ನು ಬಣ್ಣದಿಂದ ಆರಂಭಿಸುತ್ತಾರೆ, ಅದು ಸಹಜ. ಎರಡನೆಯ ಪ್ರಶ್ನೆಯಾದರೂ ನೀರಿನ ಬಗ್ಗೆ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನೀರು ಹೀರುವ ಈ ಫೋಮನ್ನು 1954ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ವರ್ನನ್ ಸ್ಮಿದರ್ಸ್ ಅವರು ರೂಪಿಸಿ, ‘ಓಯಸಿಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ತಯಾರಾದ ರಾಳವನ್ನು ನೊರೆಯಂತೆ ಉಬ್ಬಿಸಿ ಗಟ್ಟಿಗೊಳಿಸಿದಾಗ, ಒಂದಕ್ಕೊಂದು ತೆರೆದುಕೊಂಡಿರುವ ಅಸಂಖ್ಯ ಸೂಕ್ಷ್ಮ ಕೋಶಗಳು ಅದರೊಳಗೆ ಉಂಟಾಗುತ್ತವೆ, ನೀರು ಆ ಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಸಾಮಾನ್ಯವಾಗಿ ಸಿಗುವ ಇಟ್ಟಿಗೆ ಸುಮಾರು 23 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ದಪ್ಪವಿರುತ್ತದೆ. ಒಣಗಿರುವಾಗ ಅಂಗೈಯಲ್ಲಿ ಭಾರವೇ ತಿಳಿಯದ ಈ ತುಂಡು, ನೆನೆದ ಮೇಲೆ ಹೆಚ್ಚುಕಡಿಮೆ ಎರಡು ಲೀಟರ್ ನೀರನ್ನು ಹಿಡಿದು ಎರಡು ಕಿಲೋ ತೂಗುತ್ತದೆ. ಕಮಾನಿನ ಮೇಲೆ ಅಥವಾ ತೆಳುವಾದ ಚೌಕಟ್ಟಿನ ಮೇಲೆ ಸಾಲಾಗಿ ಇಟ್ಟಿಗೆಗಳನ್ನು ಕಟ್ಟಿಸುವ ಆಲೋಚನೆಯಿರುವವರು ಈ ಭಾರವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ಹೂವಿನ ತೂಕ ಅದರ ಮೇಲೆ ಸೇರುತ್ತದೆ.

ಫೋಮಿನ ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು, ಅವು ನಿಜವಾದ ಗುಣಗಳು. ದಂಟನ್ನು ಯಾವ ಕೋನದಲ್ಲಿ ಚುಚ್ಚಿದರೂ ಅಲ್ಲಿಯೇ ನಿಲ್ಲುತ್ತದೆ. ಕೆಳಮುಖವಾಗಿ ಬಾಗುವ ಹೂವನ್ನೂ ಎಲೆಯ ಬಳ್ಳಿಯನ್ನೂ ಬಟ್ಟಲಿನ ಅಂಚಿನಿಂದ ಇಳಿಬಿಡುವುದು ಇದರಲ್ಲಿ ಬಹಳ ಸುಲಭ. ಬೆರಳುದ್ದದ ತುಂಡು ದಂಟು ಸಾಕಾಗುತ್ತದೆ, ಆದ್ದರಿಂದ ಮುರಿದ ಗುಲಾಬಿಯೂ ವ್ಯರ್ಥವಾಗುವುದಿಲ್ಲ. ಹಿಂದಿನ ಸಂಜೆಯೇ ಮೇಜಿನ ಅಲಂಕಾರಗಳನ್ನು ಮುಗಿಸಿ, ತಂಪಾದ ಕೋಣೆಯಲ್ಲಿಟ್ಟು, ಬೆಳಿಗ್ಗೆ ವಾಹನದಲ್ಲಿ ಸಾಗಿಸಿದರೆ ನೀರು ಚೆಲ್ಲುವುದಿಲ್ಲ, ಹೂವು ಕದಲುವುದಿಲ್ಲ. ಒಬ್ಬರೋ ಇಬ್ಬರೋ ಸೇರಿ ಇಡೀ ಮದುವೆಯ ಹೂವನ್ನು ನಿಭಾಯಿಸುವ ಅಂಗಡಿಗೆ ಈ ಅನುಕೂಲ ಸಣ್ಣದಲ್ಲ.

ಇದನ್ನು ನೆನೆಸುವುದಕ್ಕೂ ಒಂದು ಕ್ರಮವಿದೆ. ಅಗಲವಾದ ಪಾತ್ರೆಯ ನೀರಿನ ಮೇಲೆ ಇಟ್ಟಿಗೆಯನ್ನು ತೇಲಲು ಬಿಟ್ಟು, ತಾನಾಗಿಯೇ ಮುಳುಗುವವರೆಗೆ ಕಾಯಬೇಕು. ಅವಸರದಲ್ಲಿ ಒತ್ತಿ ಮುಳುಗಿಸಿದರೆ ಹೊರಮೈ ಒದ್ದೆಯಾಗಿ ನಡುವಿನಲ್ಲಿ ಗಾಳಿ ಉಳಿದುಬಿಡುತ್ತದೆ, ಆ ಒಣ ಭಾಗಕ್ಕೆ ತುದಿ ತಾಗಿದ ದಂಟು ಗಂಟೆಗಳಲ್ಲೇ ಬಾಡುತ್ತದೆ. ಹೂವಿನ ಆಹಾರದ ಪುಡಿಯನ್ನು ನೆನೆಸುವ ನೀರಿಗೇ ಬೆರೆಸಬೇಕು. ಚುಚ್ಚಿದ ದಂಟನ್ನು ಸ್ವಲ್ಪವೂ ಹಿಂದಕ್ಕೆ ಎಳೆಯಬಾರದು. ಎಳೆದರೆ ತುದಿಯ ಕೆಳಗೆ ಪೊಳ್ಳು ಉಳಿದು ನೀರಿನ ಸಂಪರ್ಕ ತಪ್ಪುತ್ತದೆ. ಮದುವೆಯ ಮೇಜಿನ ಮೇಲೆ ಒಂದೇ ಒಂದು ಹೂವು ತಲೆಬಾಗಿ, ಪಕ್ಕದ ಹೂಗಳೆಲ್ಲ ನೆಟ್ಟಗಿದ್ದರೆ ಹೆಚ್ಚಾಗಿ ಕಾರಣ ಇದೇ ಆಗಿರುತ್ತದೆ.

ಇನ್ನು ದೋಷಗಳು. ಫೋಮಿನಲ್ಲಿರುವ ಹೂವು ಕುಡಿಯುವ ನೀರು, ಬಟ್ಟಲಿನ ನೀರಿನಲ್ಲಿ ನಿಂತ ಹೂವಿನಷ್ಟು ಸಲೀಸಾಗಿ ದೊರೆಯುವುದಿಲ್ಲ. ಗುಲಾಬಿ, ಕಾರ್ನೇಷನ್, ಸೇವಂತಿಗೆಯಂಥ ಗಟ್ಟಿ ದಂಟಿನ ಹೂಗಳು ಇದನ್ನು ಸಹಿಸುತ್ತವೆ. ಟ್ಯುಲಿಪ್, ಡ್ಯಾಫೊಡಿಲ್, ಹಯಸಿಂತ್‌ಗಳಂಥ ಮೆತ್ತನೆಯ ಇಲ್ಲವೇ ಟೊಳ್ಳು ದಂಟಿನ ಹೂಗಳು ಚುಚ್ಚುವಾಗಲೇ ಜಜ್ಜಿಹೋಗುತ್ತವೆ. ಅಗಲ ದಳಗಳಿಂದ ತೇವವನ್ನು ಬೇಗ ಬೇಗ ಕಳೆದುಕೊಳ್ಳುವ ಹೈಡ್ರೇಂಜವನ್ನು ಸೆಕೆಯ ದಿನ ಫೋಮಿನಲ್ಲಿ ನಿಲ್ಲಿಸಿ, ಸಂಜೆಯವರೆಗೂ ಅರಳಿರಲಿ ಎಂದು ಬಯಸುವುದು ಆ ಹೂವಿನಿಂದ ಆಗದ ಕೆಲಸವನ್ನು ಕೇಳಿದಂತೆ. ಒಮ್ಮೆ ಒಣಗಿದ ಇಟ್ಟಿಗೆ ಎರಡನೆಯ ಬಾರಿ ಸಮನಾಗಿ ನೀರು ಹೀರುವುದಿಲ್ಲ, ಆದ್ದರಿಂದ ಅದು ಒಂದು ಮದುವೆಗಷ್ಟೇ ಬರುವ ವಸ್ತು.

ಆ ಒಂದು ಮದುವೆಯ ನಂತರ ಅದು ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನನ್ನು ಹೆಚ್ಚಾಗಿ ಕಾಡುವ ಪ್ರಶ್ನೆ. ಕೈಯಲ್ಲಿ ಒತ್ತಿದರೆ ಪುಡಿಯಾಗುವ ಈ ವಸ್ತು ಮಣ್ಣಿನಲ್ಲಿ ಕರಗಿಹೋಗುವಂತೆ ಕಂಡರೂ ಅದು ಪ್ಲಾಸ್ಟಿಕ್ಕೇ. ಪುಡಿಯಾದಷ್ಟೂ ಚಿಕ್ಕ ಪ್ಲಾಸ್ಟಿಕ್ ಚೂರುಗಳಾಗುತ್ತದೆ, ಅಷ್ಟೇ. ಆಸ್ಟ್ರೇಲಿಯದ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2019ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಹಿನೀರಿನ ಮತ್ತು ಸಮುದ್ರದ ಸಣ್ಣ ಜೀವಿಗಳು ಈ ಚೂರುಗಳನ್ನು ನುಂಗುತ್ತವೆ, ಚೂರುಗಳಿಂದ ನೀರಿಗೆ ಬಿಡುವ ರಾಸಾಯನಿಕಗಳೂ ಅವುಗಳಿಗೆ ವಿಷವಾಗುತ್ತವೆ ಎಂದು ಕಂಡುಬಂದಿತು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪುಷ್ಪಪ್ರದರ್ಶನಗಳಲ್ಲಿ 2021ರಿಂದ ಫ್ಲೋರಲ್ ಫೋಮ್ ಬಳಕೆಯನ್ನು ನಿಷೇಧಿಸಿತು. ಹೂವಿನ ಲೋಕದಲ್ಲಿ ಅಷ್ಟು ಗೌರವವಿರುವ ಸಂಸ್ಥೆಯ ಪ್ರದರ್ಶನಗಳು ಫೋಮಿಲ್ಲದೆ ನಡೆಯಬಹುದಾದರೆ ಮದುವೆಯ ಮೇಜುಗಳೂ ನಡೆಯಬಹುದು. ಒಣ ಇಟ್ಟಿಗೆಯನ್ನು ಕತ್ತರಿಸುವಾಗ ಏಳುವ ನಯವಾದ ಧೂಳು ಉಸಿರಿನೊಳಗೆ ಹೋಗುವಂಥದ್ದು; ದಿನವಿಡೀ ಅದರ ಮುಂದೆ ಕುಳಿತು ಕೆಲಸಮಾಡುವವರಿಗೆ ಮುಖಗವಸು ಅಗತ್ಯ, ನೆನೆಸಿಯೇ ಕತ್ತರಿಸುವುದು ಇನ್ನೂ ಒಳ್ಳೆಯದು.

ಫೋಮ್ ಬರುವ ಮೊದಲು ದೊಡ್ಡ ಅಲಂಕಾರಗಳು ಇರಲಿಲ್ಲವೆಂದು ಯಾರೂ ಭಾವಿಸಬಾರದು. ಬ್ರಿಟನ್ನಿನ ಪ್ರಸಿದ್ಧ ಹೂವಿನ ಅಲಂಕಾರಗಾರ್ತಿ ಕಾನ್‌ಸ್ಟನ್ಸ್ ಸ್ಪ್ರೈ 1937ರಲ್ಲಿ ವಿಂಡ್ಸರ್ ಡ್ಯೂಕ್ ಅವರ ಮದುವೆಗೆ ಹೂವು ಜೋಡಿಸಿದಾಗ ಫೋಮ್ ಎಂಬುದು ಹುಟ್ಟಿಯೇ ಇರಲಿಲ್ಲ. ಅವರು ಹೆಚ್ಚಾಗಿ ನೆಚ್ಚಿದ್ದು ಕೋಳಿಗೂಡಿಗೆ ಹಾಕುವ ಷಟ್ಕೋನ ಕಣ್ಣಿನ ತಂತಿ ಜಾಲರಿಯನ್ನು. ಇಂದಿಗೂ ನನ್ನ ಮೊದಲ ಆಯ್ಕೆ ಅದೇ. ಸುಮಾರು 5 ಸೆಂಟಿಮೀಟರ್ ಕಣ್ಣಿನ ಜಾಲರಿಯನ್ನು ಕತ್ತರಿಸಿ, ಸಡಿಲವಾದ ಉಂಡೆಯಾಗಿ ಸುತ್ತಿ, ಮೂರು ನಾಲ್ಕು ಪದರಗಳು ಒಂದರ ಮೇಲೊಂದು ಬರುವಂತೆ ಬಟ್ಟಲಿನಲ್ಲಿ ಕೂರಿಸಿ, ಬಾಯಿಯ ಮೇಲೆ ನೀರಿಗೆ ಬಿಡದ ಟೇಪನ್ನು ಅಡ್ಡಡ್ಡ ಅಂಟಿಸಿದರೆ ದಂಟು ಎರಡು ಮೂರು ಕಡೆ ಆಸರೆ ಪಡೆದು ನಿಲ್ಲುತ್ತದೆ. ಪ್ಲಾಸ್ಟಿಕ್ ಲೇಪನವಿರುವ ಜಾಲರಿ ತುಕ್ಕು ಹಿಡಿಯುವುದಿಲ್ಲ, ಗಾಜನ್ನೂ ಗೀಚುವುದಿಲ್ಲ. ತೊಳೆದು ಒಣಗಿಸಿಟ್ಟರೆ ಎಷ್ಟೋ ಮದುವೆಗಳಿಗೆ ಬರುತ್ತದೆ. ಹೂವು ನೇರವಾಗಿ ನೀರಿನಲ್ಲಿ ನಿಂತಿರುವುದರಿಂದ ಟ್ಯುಲಿಪ್ಪೂ ಹೈಡ್ರೇಂಜವೂ ಇದರಲ್ಲಿ ಸಂತೋಷವಾಗಿರುತ್ತವೆ, ಮತ್ತು ದಂಟುಗಳು ತಮ್ಮ ಸಹಜ ಬಾಗುವಿಕೆಯನ್ನು ಉಳಿಸಿಕೊಳ್ಳುವುದರಿಂದ ಅಲಂಕಾರಕ್ಕೆ ಫೋಮಿನಲ್ಲಿ ಕಾಣದ ಒಂದು ಉಸಿರಾಟ ಬರುತ್ತದೆ.

ಜಾಲರಿ ಬೇಡುವ ಬೆಲೆಯೂ ಇದೆ. ದಂಟು ಬಟ್ಟಲಿನ ತಳದವರೆಗೆ ಅಲ್ಲದಿದ್ದರೂ ನೀರಿನವರೆಗೆ ಮುಟ್ಟಲೇಬೇಕಾದ್ದರಿಂದ ಉದ್ದ ದಂಟಿನ ಹೂವೇ ಬೇಕು. ತುಂಬಿದ ಬಟ್ಟಲನ್ನು ಸಾಗಿಸಿದರೆ ನೀರು ಚೆಲ್ಲುತ್ತದೆ. ನೀರನ್ನು ಅರ್ಧದಷ್ಟು ಇಟ್ಟು ಒಯ್ದು, ಸ್ಥಳದಲ್ಲಿ ಉದ್ದ ಕೊಕ್ಕಿನ ಹೂಜಿಯಿಂದ ತುಂಬಿಸಬೇಕು, ಅಂದರೆ ಮಂಟಪ ಅಥವಾ ಸಭಾಂಗಣ ತೆರೆಯುವ ಸಮಯ ಬೇಗನೆ ಇರಬೇಕು. ಮದುವೆಯವರು ಸ್ಥಳವನ್ನು ಗೊತ್ತುಮಾಡುವಾಗ ‘ಹೂವಿನವರನ್ನು ಎಷ್ಟು ಹೊತ್ತಿಗೆ ಒಳಗೆ ಬಿಡುತ್ತೀರಿ’ ಎಂದು ಕೇಳಿಕೊಂಡರೆ ನಮ್ಮಂಥವರ ಕೆಲಸದ ಗುಣಮಟ್ಟವೇ ಬದಲಾಗುತ್ತದೆ.

ಜಪಾನಿನ ಇಕೆಬಾನ ಕಲೆಯಿಂದ ಬಂದ ಕೆನ್ಜಾನ್ ತಗ್ಗಾದ ಬಟ್ಟಲುಗಳಿಗೆ ಅತ್ಯುತ್ತಮ. ಸೀಸದ ಭಾರವಾದ ತಳದ ಮೇಲೆ ಹಿತ್ತಾಳೆಯ ಮೊನಚು ಸೂಜಿಗಳನ್ನು ನೆಟ್ಟಿರುವ ಈ ಬಿಲ್ಲೆಯಲ್ಲಿ ಕೆಲವೇ ಹೂಗಳು ಬಹಳ ಅಂದವಾಗಿ ನಿಲ್ಲುತ್ತವೆ. ಮರದಂಥ ಗಟ್ಟಿ ಕೊಂಬೆಯನ್ನು ತುದಿಯಲ್ಲಿ ಸೀಳಿ ಒತ್ತಬೇಕು. ಬಟ್ಟಲು ಪೂರ್ತಿ ಒಣಗಿರುವಾಗಲೇ ಅಂಟುಮಣ್ಣಿನಿಂದ ಅದನ್ನು ತಳಕ್ಕೆ ಕೂರಿಸಬೇಕು. ತೆಳು ದಂಟು ಸೂಜಿಗಳ ನಡುವೆ ಜಾರುತ್ತದೆ, ಸೀಸವಿರುವುದರಿಂದ ಮುಟ್ಟಿದ ಮೇಲೆ ಕೈತೊಳೆಯಬೇಕು, ಮತ್ತು ಮದುವೆಯ ನಂತರ ಪ್ರತಿಯೊಂದನ್ನೂ ಎಣಿಸಿ ಮರಳಿ ತರಬೇಕು. ಪ್ರತಿ ಮೇಜಿಗೂ ಒಂದನ್ನು ಕೊಡುವಷ್ಟು ಸಂಗ್ರಹ ಚಿಕ್ಕ ಅಂಗಡಿಗೆ ಕಷ್ಟ. ಮುಖ್ಯ ಮೇಜಿಗೆ ಮಾತ್ರ ಇಟ್ಟುಕೊಳ್ಳುವುದು ಸರಿ.

ಫೋಮಿಗೆ ನಿಜವಾದ ಪೈಪೋಟಿ ಇಲ್ಲದಿರುವುದು ಕಮಾನಿನಂಥ ನೇತಾಡುವ ಅಲಂಕಾರದಲ್ಲಿ ಎಂದು ಹಲವರು ಹೇಳುತ್ತಾರೆ. ನಾನು ಇದನ್ನು ಅರ್ಧದಷ್ಟೇ ಒಪ್ಪುತ್ತೇನೆ. ಜಾಲರಿಯನ್ನು ಕಮಾನಿಗೆ ಸುತ್ತಿ, ಹಸಿರೆಲೆಯನ್ನು ಅದಕ್ಕೆ ನೇಯ್ದು, ನೀರು ಬೇಕೇಬೇಕೆನ್ನುವ ಹೂಗಳಿಗೆ ಮಾತ್ರ ರಬ್ಬರ್ ಮುಚ್ಚಳದ ಸಣ್ಣ ನೀರಿನ ನಳಿಗೆಗಳನ್ನು ತೊಡಿಸಿ ಎಲೆಯ ಹಿಂದೆ ಮರೆಮಾಡಬಹುದು. ಚೆನ್ನಾಗಿ ನೀರು ಕುಡಿಸಿಟ್ಟ ಕಾರ್ನೇಷನ್, ಸೇವಂತಿಗೆ, ಆರ್ಕಿಡ್, ಸ್ಟ್ಯಾಟಿಸ್, ನೀಲಗಿರಿ ಎಲೆ ಇವು ಕೆಲವು ಗಂಟೆ ನೀರಿಲ್ಲದೆಯೂ ಮುಖ ಬಾಡಿಸುವುದಿಲ್ಲ. ಕೈಯಲ್ಲಿ ಹಿಡಿಯುವ ಹೂಗುಚ್ಛಕ್ಕಂತೂ ಫೋಮಿನ ಅಗತ್ಯವೇ ಇಲ್ಲ. ದಂಟುಗಳನ್ನು ಒಂದೇ ದಿಕ್ಕಿಗೆ ಓರೆಯಾಗಿ ಜೋಡಿಸುತ್ತ ಕಟ್ಟಿದ ಗುಚ್ಛವನ್ನು ಕೊನೆಯ ಗಳಿಗೆಯವರೆಗೆ ನೀರಿನಲ್ಲಿಟ್ಟು, ಉಡುಪು ಒದ್ದೆಯಾಗದಂತೆ ಒರೆಸಿ ಕೊಟ್ಟರೆ ಸಾಕು.

ಇಷ್ಟು ತಿಳಿದ ಮೇಲೆ ಯೋಜನೆಯ ಮಾತು ಸುಲಭವಾಗುತ್ತದೆ. ಮದುವೆಯ ಜೋಡಿ ಅಂಗಡಿಗೆ ಬರುವಾಗ ಫೋನಿನಲ್ಲಿ ಸೊಗಸಾದ ಚಿತ್ರಗಳನ್ನು ತರುತ್ತಾರೆ. ಆ ಚಿತ್ರಗಳಿಗೆ ನನ್ನಲ್ಲಿ ಪ್ರೀತಿಯಿದೆ, ಏಕೆಂದರೆ ಮಾತಿನಲ್ಲಿ ಹೇಳಲಾಗದ ಬಯಕೆಯನ್ನು ಅವು ಹೇಳುತ್ತವೆ. ಆದರೆ ಚಿತ್ರ ತೆಗೆದ ಕ್ಷಣದ ಆಚೆಗೆ ಆ ಹೂವು ಎಷ್ಟು ಹೊತ್ತು ಹಾಗೆಯೇ ಇತ್ತು, ಯಾವ ಋತುವಿನದು, ಯಾವುದರಲ್ಲಿ ನಿಂತಿತ್ತು ಎಂಬುದನ್ನು ಅವು ಹೇಳುವುದಿಲ್ಲ. ಹೀಗಾಗಿ ಹೂವಿನ ಹೆಸರನ್ನು ಪಟ್ಟುಹಿಡಿಯದೆ ಬಣ್ಣ, ಆಕಾರ ಮತ್ತು ಭಾವವನ್ನು ತಿಳಿಸಿದರೆ ಆ ವಾರ ತಾಜಾ ಸಿಗುವ ಹೂವಿನಲ್ಲಿಯೇ ಅದನ್ನು ಸಾಧಿಸಬಹುದು. ಪಿಯೋನಿಯ ಋತು ಚಿಕ್ಕದು. ಅದರ ತುಂಬುದಳದ ಮೃದುತ್ವ ಬೇಕಿದ್ದರೆ ತೋಟದ ಗುಲಾಬಿಯಾಗಲಿ ಲಿಸಿಯಾಂಥಸ್ ಆಗಲಿ ಬಹುಮಟ್ಟಿಗೆ ಅದೇ ಭಾವವನ್ನು ಕೊಡುತ್ತವೆ.

ಸಮಯದ ಲೆಕ್ಕವೂ ಯೋಜನೆಯ ಭಾಗ. ಗುಲಾಬಿ ಮೊಗ್ಗುಗಳು ಎರಡು ಮೂರು ದಿನ ಮೊದಲೇ ಅಂಗಡಿಗೆ ಬಂದರೆ ಮದುವೆಯ ದಿನಕ್ಕೆ ಸರಿಯಾಗಿ ಅರಳುತ್ತವೆ. ಬಿಗಿಯಾದ ಲಿಲಿ ಮೊಗ್ಗಿಗೆ ಇನ್ನೂ ಹೆಚ್ಚು ಕಾಲ ಬೇಕು, ಅರಳಿದ ಕೂಡಲೇ ಕೇಸರದ ತುದಿಗಳನ್ನು ಚಿವುಟದಿದ್ದರೆ ಅದರ ಪರಾಗ ಬಟ್ಟೆಗೆ ಅಂಟಿ ಬಿಡದ ಕಲೆಯಾಗುತ್ತದೆ. ಬಂದ ಹೂವಿನ ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿಗೆ ಮುಟ್ಟುವ ಎಲೆಗಳನ್ನೆಲ್ಲ ತೆಗೆದು, ಚೊಕ್ಕಟವಾದ ಬಕೆಟ್ಟಿನಲ್ಲಿ ಕೆಲವು ಗಂಟೆ ತಂಪಿನಲ್ಲಿ ನೀರು ಕುಡಿಯಲು ಬಿಟ್ಟ ಮೇಲೆಯೇ ಜೋಡಣೆಗೆ ತೆಗೆದುಕೊಳ್ಳಬೇಕು. ಈ ಹಂತವನ್ನು ಬಿಟ್ಟರೆ ಫೋಮಾಗಲಿ ಜಾಲರಿಯಾಗಲಿ ಕೆನ್ಜಾನಾಗಲಿ ಹೂವನ್ನು ಕಾಪಾಡಲಾರದು. ಟ್ಯುಲಿಪ್ ಕತ್ತರಿಸಿದ ಮೇಲೂ ಬೆಳೆಯುತ್ತಲೇ ಇರುವುದರಿಂದ ಜೋಡಿಸುವಾಗ ಅದಕ್ಕೆ ಸ್ವಲ್ಪ ತಗ್ಗಿನ ಸ್ಥಾನ ಕೊಡಬೇಕು. ಕಾರ್ನೇಷನ್ ಇರುವ ಕೋಣೆಯಲ್ಲಿ ಮಾಗಿದ ಹಣ್ಣು ಇಡಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಅದನ್ನು ಬೇಗ ಮುದುಡಿಸುತ್ತದೆ.

ನನ್ನ ತೀರ್ಪು ಹೀಗಿದೆ. ಫೋಮ್ ಇಟ್ಟಿಗೆ ತನಗೆ ಒಪ್ಪಿಸಿದ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ, ಆದರೆ ಮದುವೆಯ ಬಹುಪಾಲು ಅಲಂಕಾರಕ್ಕೆ ಆ ಕೆಲಸದ ಅಗತ್ಯವಿಲ್ಲ. ಮೇಜಿನ ಬಟ್ಟಲುಗಳಿಗೂ ಎತ್ತರದ ಹೂದಾನಿಗಳಿಗೂ ಜಾಲರಿಯನ್ನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ಮದುವೆಯ ವಿಧಿ ನಡೆದ ಕಡೆ ಇಟ್ಟ ಬಟ್ಟಲುಗಳನ್ನು ಎತ್ತಿ ಊಟದ ಸಭಾಂಗಣಕ್ಕೆ ಒಯ್ದು, ನೀರು ತುಂಬಿಸಿ ಇಟ್ಟರೆ ಅದೇ ಹೂವು ಎರಡು ಕಡೆ ಕೆಲಸಕ್ಕೆ ಬರುತ್ತದೆ ಎಂಬುದು, ಹೂವಿಗಾಗಿ ಮಿತವಾಗಿ ಖರ್ಚುಮಾಡುವ ಕುಟುಂಬಗಳಿಗೆ ದೊಡ್ಡ ಅನುಕೂಲ. ಮೊದಲೇ ತಂದಿಟ್ಟ ಫೋಮ್ ಅಂಗಡಿಯಲ್ಲಿ ಉಳಿದಿದ್ದರೆ ಅದನ್ನು ಬೇರೆ ದಾರಿಯೇ ಇಲ್ಲದ ಅಲಂಕಾರಕ್ಕೆ ಮೀಸಲಿಡುವುದು ಒಳ್ಳೆಯದು. ಬಳಸಿದ ಚೂರುಗಳು ಗೊಬ್ಬರದ ಗುಂಡಿಗೆ ಸೇರಬಾರದು, ನೆನೆಸಿದ ನೀರನ್ನು ಚರಂಡಿಗೆ ಸುರಿಯುವ ಮೊದಲು ಒತ್ತಾದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಪುಡಿಯನ್ನು ಕಟ್ಟಿ ಒಣ ಕಸಕ್ಕೆ ಹಾಕಬೇಕು.