ಹಲ್ಲಿಲ್ಲದ ಬಾಯಿಗೆ ಮಾಡಿದ ಹುಳು

ಆನ್‌ಲೈನ್‌ನಲ್ಲಿ ತರಿಸಿದ, ಗಾಳಕ್ಕೆ ಪೋಣಿಸಿ ಮೀನು ಹಿಡಿಯುವ ರಬ್ಬರ್ ಹುಳುಗಳ ಪ್ಯಾಕೆಟ್ ಇದು. ಮೂರಿಂಚಿನ 20 ಹುಳು, ಸೀಸದ ತಲೆ ಇರುವ 5 ಗಾಳ, ಒಟ್ಟು 549 ರೂಪಾಯಿ. ಕಂಪನಿ ಹೆಸರು ಬೇಡ ಬಿಡಿ. ರಬ್ಬರ್ ಅನ್ನೋದು ಬಾಯಿ ಮಾತು, ನಿಜಕ್ಕೂ ಇದು ಎಣ್ಣೆಯಂಥದ್ದೇನೋ ಬೆರೆಸಿ ಮೆತ್ತಗೆ ಮಾಡಿದ ಪಿವಿಸಿ ಪ್ಲಾಸ್ಟಿಕ್. ಬಿಚ್ಚಿದ ಕೂಡಲೇ ಮನೆ ತುಂಬ ಬೆಳ್ಳುಳ್ಳಿ ವಾಸನೆ. "ಚಟ್ನಿಪುಡಿ ತರಿಸೀಯೇನೋ?" ಅಂತ ಅವ್ವ ಒಳಗಿಂದ ಕೇಳಿದಳು.

ಪ್ಯಾಕೆಟ್ ಮೇಲಿರುವ ಚಿತ್ರ ಸ್ಮಾಲ್‌ಮೌತ್ ಬಾಸ್‌ನದು. ಅದು ಉತ್ತರ ಅಮೆರಿಕದ ಮೀನು. ಕಲ್ಲು ಜಾಸ್ತಿ ಇರುವ, ತಿಳಿನೀರು ಹರಿಯುವ ಹೊಳೆ ಅಂದರೆ ಅದಕ್ಕೆ ಪ್ರಾಣ. ನಮ್ಮಲ್ಲಿ ಆ ಮೀನಿಲ್ಲ, ಆದರೆ ಅಂಥ ಹೊಳೆ ಇದೆ ಅಲ್ವಾ? ಖಾನಾಪುರದ ಹತ್ತಿರ ಮಲಪ್ರಭೆ, ಮಳೆ ನಿಂತು ನೀರು ತಿಳಿಯಾದ ಮೇಲೆ. ಬೆಳಗಾವಿಯಿಂದ ಬೈಕಲ್ಲಿ ಮುಕ್ಕಾಲು ತಾಸು.

ಹರಿವಿನ ಮೇಲ್ಗಡೆಗೆ, ಸ್ವಲ್ಪ ಅಡ್ಡಕ್ಕೆ ಎಸೆಯಬೇಕು. ಹುಳು ತಳ ಮುಟ್ಟಿ, ಕಲ್ಲಿಂದ ಕಲ್ಲಿಗೆ ಉರುಳುತ್ತಾ ನೀರಿನ ಜೊತೆ ತಾನೇ ಕೆಳಗೆ ಬರಲಿ. ನಾವು ಸಡಿಲಾದ ದಾರ ಸುತ್ತಿಕೊಳ್ಳುತ್ತಾ ಇರಬೇಕು, ಎಳೆಯಬಾರದು. ನಾನು ಮೂರು ಭಾನುವಾರ ಎಳೆದೆಳೆದು ಬರಿಗೈಯಲ್ಲಿ ಬಂದೆ. ಪ್ಯಾಕೆಟ್‌ನ ಗಾಳ 7 ಗ್ರಾಂ, ಬಿದ್ದಲ್ಲೇ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಎರಡು ಅಲ್ಲೇ ಹೋದವು. ಬೇರೆ ಕಡೆಯಿಂದ 3.5 ಗ್ರಾಂನದು ತಂದ ಮೇಲೆ ಹುಳು ನಡೆಯತೊಡಗಿತು.

ನಾಲ್ಕನೇ ಭಾನುವಾರ, ಬೆಳಿಗ್ಗೆ ಏಳೂವರೆ. ತೇಲಿ ಬರುತ್ತಿದ್ದ ದಾರ ಒಂದು ಬಂಡೆಯ ನೆರಳಲ್ಲಿ ಸುಮ್ನೆ ನಿಂತಿತು. ಕಲ್ಲು ಅಂದುಕೊಂಡೆ. ಆಮೇಲೆ ಆ ಕಲ್ಲು ಪಕ್ಕಕ್ಕೆ ಹೊರಟಿತು! ಮುಕ್ಕಾಲು ಕಿಲೋ ಕೊರವ, ಮರಾಠಿಯವರು ಮರಳ ಅನ್ನುತ್ತಾರಲ್ಲ, ಅದೇ. ಅಲ್ಲೇ ಬಲೆ ಬಿಡಿಸುತ್ತಿದ್ದ ಕಾಕಾ ಹುಳು ಹಿಚುಕಿ ನೋಡಿದರು. "ಜೀವ ಇಲ್ಲ, ರಕ್ತ ಇಲ್ಲ. ಅದ್ಹೆಂಗ ನಂಬಿತೋ ತಮ್ಮಾ!"

ತೊಂದರೆ ಶುರುವಾಗಿದ್ದೂ ಇಲ್ಲಿಂದಲೇ. ಬಾಸ್ ಬಾಯಲ್ಲಿ ಕಚ್ಚಿ ಕತ್ತರಿಸುವ ಹಲ್ಲಿಲ್ಲ, ಸ್ಯಾಂಡ್ ಪೇಪರ್ ತರಹ ತರಿ ಅಷ್ಟೆ. ಅದು ತಿಂಡಿಯನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಅಂಥ ಬಾಯಿಗೆ ಇಷ್ಟು ಮೆತ್ತಗಿನ ಹುಳು ಸರಿ. ಕೊರವನದು ಚೂಪು ಹಲ್ಲು. ಒಂದೇ ಬೆಳಿಗ್ಗೆ ಐದು ಹುಳುಗಳ ಬಾಲ ಹೋಯಿತು. ಗಾಳ ಇರೋದು ತಲೆ ಹತ್ತಿರ, ಮೀನು ಹಿಡಿಯೋದು ಬಾಲ. ಕೊನೆಗೆ ತಲೆ ಕಡೆಯಿಂದ ಒಂದಿಂಚು ಕತ್ತರಿಸಿ ಪೋಣಿಸಿದೆ, ಬಾಲ ಗಾಳದ ಹತ್ತಿರ ಬಂತು, ನಷ್ಟ ಕಡಿಮೆಯಾಯಿತು. ಹರಿದ ತುಂಡುಗಳನ್ನು ಹೊಳೆಗೆ ಎಸೆಯಬೇಡಿ. ಚಾಕು ಕಾಯಿಸಿ ಎರಡೂ ತುದಿ ಕರಗಿಸಿ ಒತ್ತಿದರೆ ಅಂಟುತ್ತವೆ. ಕಿಟಕಿ ತೆಗೆದಿಟ್ಟು ಮಾಡಿ, ಹೊಗೆ ಕೆಟ್ಟದ್ದು.

ಗಾಳಗಳಿಗೆ ಮಾತ್ರ ನಾನು ಸೊನ್ನೆ ಕೊಡುತ್ತೇನೆ. ಸ್ಮಾಲ್‌ಮೌತ್‌ನ ದಾಖಲೆ ಮೀನೇ ಸುಮಾರು 5.4 ಕಿಲೋ, 1955ರಲ್ಲಿ ಅಮೆರಿಕದ ಡೇಲ್ ಹಾಲೋ ಜಲಾಶಯದಲ್ಲಿ ಸಿಕ್ಕಿದ್ದು. ಅದಕ್ಕೆ ತೆಳು ತಂತಿ ಸಾಕೇನೋ. ಆದರೆ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನಲ್ಲಿ (ಮೀನಿನ ಗುತ್ತಿಗೆಯವರನ್ನು ಕೇಳಿಯೇ ಹಾಕಿದ್ದೆ) ಅದಕ್ಕಿಂತ ದೊಡ್ಡದಾಗಿ ಬೆಳೆಯುವ ಜಾತಿಯ ಒಂದು ಬಾಳೆಮೀನು ಹಿಡಿಯಿತು. ಅರ್ಧ ನಿಮಿಷಕ್ಕೆ ದಾರ ಹಗುರಾಯಿತು. ವಾಪಸ್ ಬಂದ ಗಾಳ ದಬ್ಬಣದ ಹಾಗೆ ನೆಟ್ಟಗಾಗಿತ್ತು.

ಇನ್ನೊಂದು ನನ್ನದೇ ತಪ್ಪು. ಹಿಗ್ಗುವ ಜಾತಿಯ ಬೇರೆ ಹುಳುಗಳೂ ಬರುತ್ತವೆ, ಎಳೆದರೆ ಹರಿಯೋದಿಲ್ಲ. ಅವನ್ನೂ ಇವನ್ನೂ ಒಂದೇ ಡಬ್ಬಿಗೆ ತುಂಬಿಟ್ಟೆ. ವಾರ ಬಿಟ್ಟು ತೆರೆದರೆ ಎಲ್ಲ ಕರಗಿ ಒಂದೇ ಮುದ್ದೆ, ಬಣ್ಣ ಹಾಕಿದ ಕುಂದಾದ ಹಾಗೆ. ಪಿವಿಸಿಗೂ ಅದಕ್ಕೂ ಆಗಿಬರುವುದಿಲ್ಲವಂತೆ. ಆ ಹಿಗ್ಗುವ ಹುಳು ಕೊರವನ ಹಲ್ಲಿಗೆ ಜಾಸ್ತಿ ತಾಳುತ್ತದೆ, ಬೆಲೆ ಸ್ವಲ್ಪ ಹೆಚ್ಚು.

ಈ ಪ್ಯಾಕೆಟ್ ತಗೊಳ್ಳೋದಾದರೆ ಬರೀ ಹುಳು ತಗೊಳ್ಳಿ, ಕಡು ಹಸಿರಿನದು. ಹಳದಿ ಬಣ್ಣದ್ದನ್ನು ಒಂದು ಮೀನೂ ಮೂಸಲಿಲ್ಲ. ಗಾಳ ದಪ್ಪ ತಂತಿಯದು ಬೇರೆ ಕೊಳ್ಳಿ. ಜುಲೈನಲ್ಲಿ ಹೊಳೆ ಕೆಂಪಗಿರುವಾಗ ತರಿಸಬೇಡಿ, ನವೆಂಬರ್ ತನಕ ಡಬ್ಬಿಯಲ್ಲೇ ಬಿದ್ದಿರುತ್ತದೆ.